ಅಪ್ಪನ ಭುಜ ಮತ್ತು ಹಗುರಾದ ಸ್ಟೇರಿಂಗ್

ಇಳಕಲ್ಲಿನಿಂದ ಹುನಗುಂದ, ಬಾಗಲಕೋಟೆ, ಬಾದಾಮಿ ಅಂತ ಸೀರೆ ಗಂಟು ಹಾಕಿಕೊಂಡು ಅಪ್ಪ ಓಡಿಸ್ತಿದ್ದ ಹಳೇ ಗಾಡಿಯದು ಹೈಡ್ರಾಲಿಕ್ ಸ್ಟೇರಿಂಗ್. ಎಂಜಿನ್ನಿನ ಬೆಲ್ಟ್ ಪಂಪನ್ನು ತಿರುಗಿಸಬೇಕು, ಪಂಪು ಎಣ್ಣೆಯನ್ನು ಒತ್ತಬೇಕು. ಆಗಲೇ ಕೈಗೆ ಆಸರೆ. ನೇರ ರಸ್ತೆಯಲ್ಲೂ ಪಂಪು ತಿರುಗುತ್ತಲೇ ಇರುವುದರಿಂದ ಡೀಸೆಲ್ ಖರ್ಚು ಸ್ವಲ್ಪ ಹೆಚ್ಚು. ಎಣ್ಣೆ ಸೋರಿತೋ, ತೋಳು ಸೋತಂತೆಯೇ. ಭುಜನೋವು ಹೆಚ್ಚಾದಾಗ ಅಪ್ಪ ಕೀಲಿಯನ್ನೇ ಕೆಳಗಿಟ್ಟರು. ಓಡಾಟ ನಿಂತ ಮೇಲೆ ಮಾತೂ ಕಡಿಮೆಯಾಯಿತು.

ನಾನು ತಗೊಂಡ ಸಣ್ಣ ಕಾರಿನದು ಎಲೆಕ್ಟ್ರಿಕ್ ಸ್ಟೇರಿಂಗ್. ಪಂಪಿಲ್ಲ, ಎಣ್ಣೆಯಿಲ್ಲ. ತಿರುಗಿಸಿದಾಗಷ್ಟೇ ಮೋಟಾರು ಕೈಜೋಡಿಸುತ್ತದೆ. ನಿಧಾನವಿದ್ದಾಗ ಹೆಚ್ಚು, ವೇಗದಲ್ಲಿ ಕಡಿಮೆ. ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಗಾಡಿ ನಿಲ್ಲಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

"ಹಗುರ ಐತಿ ಖರೆ, ಆದ್ರ ರಸ್ತಿ ಕೈಗೆ ಸಿಗವಲ್ದು ನೋಡವಾ" ಅಂದ್ರು ಅಪ್ಪ. ಸುಳ್ಳಲ್ಲ. ಕಲ್ಲು, ತಗ್ಗುಗಳ ಸುದ್ದಿಯನ್ನು ಹಳೇ ಸ್ಟೇರಿಂಗ್ ಹೆಚ್ಚಾಗಿ ಕೈಗೆ ಮುಟ್ಟಿಸುತ್ತಿತ್ತು.

ಒಂದು ಮಾತು ಮಾತ್ರ ಎರಡಕ್ಕೂ ಒಂದೇ. ಎಣ್ಣೆ ಉಳಿಸೋಣ ಅಂತ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದರೆ ಆಸರೆ ನಿಂತು ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಕೀಲಿ ತೆಗೆದರಂತೂ ಸ್ಟೇರಿಂಗ್ ಲಾಕ್ ಆಗಬಹುದು.

ಈಗ ಅಪ್ಪ ವಾರಕ್ಕೊಮ್ಮೆ ಹುನಗುಂದಕ್ಕೆ ತಾವೇ ಕಾರು ಓಡಿಸಿಕೊಂಡು ಹೋಗಿಬರ್ತಾರೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡೂದಿಲ್ಲ ಅಂತ ಅವ್ವಗ ಮಾತು ಕೊಟ್ಟಾರ.