ಮರೆನೆಲ

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಇರುವುದು 8 ಮೈಲಿ. ಅಷ್ಟು ದಾರಿ ಸವೆಯುವುದರೊಳಗಾಗಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೂರು ಸಲ ಕೈಮುಗಿದರು, ನಾಲ್ಕನೆಯ ಸಲ ಕೋಪಿಸಿಕೊಂಡರು. ತೆಂಗಿನ ತೋಟಗಳಾಚೆ, ಬೋಳುಬಂಡೆಯ ನೆತ್ತಿಯಲ್ಲಿ ಗೊಮ್ಮಟನ ಶಿರಸ್ಸು ತೋರಿದಾಗಲೆಲ್ಲ ಅವರ ಕೈಗಳು ತಾವಾಗಿಯೇ ಕೂಡುತ್ತಿದ್ದುವು. ಆದರೆ ಬಸ್ಸಿಳಿದು, ವಿಂಧ್ಯಗಿರಿಯ ಮೆಟ್ಟಿಲುಗಳ ಬುಡದಲ್ಲಿ ನಿಂತು ತಲೆಯೆತ್ತಿದರೆ ಬಂಡೆ, ಬಂಡೆಯ ಮೇಲೆ ಆಕಾಶ, ಅಷ್ಟೆ. "ಇದೇನಪ್ಪ, ಹಾದಿಯುದ್ದಕ್ಕೂ ಕಾಣ್ತಿದ್ದ ಸ್ವಾಮಿ ಬಾಗಿಲಿಗೆ ಬಂದಮೇಲೆ ಮಾಯ?" ಎಂದು, ಅವನನ್ನು ನಾನೇ ಎಲ್ಲಿಯೋ ಅಡಗಿಸಿಟ್ಟಿರುವೆನೆಂಬಂತೆ ಅವರು ನನ್ನನ್ನು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲು ಬಾರದೆ ಹೋದುದು ನಮ್ಮ ಭೂಗೋಳದ ಮೇಷ್ಟ್ರ ಶಿಷ್ಯನಿಗೆ ತಕ್ಕ ದಂಡನೆ. ಮುಚ್ಚುಕೋಟಿನ ಜೇಬಿನಲ್ಲಿ ಸದಾ ಒಂದು ಕೋನಮಾಪಕವನ್ನೂ, ಅದರ ನಡುವಿನ ತೂತಿಗೆ ದಾರದಲ್ಲಿ ಕಟ್ಟಿದ ಒಂದು ಗುಂಡುಕಲ್ಲನ್ನೂ ಇಟ್ಟುಕೊಂಡು, ಸ್ಕೂಲಿನ ಮಾಡು, ಕೆರೆಯ ಏರಿ, ಊಟಕ್ಕೆ ಕರೆದವರ ಮನೆಯ ಜಗಲಿ, ಹೀಗೆ ಕಂಡ ಕಂಡ ಓರೆಗಳನ್ನೆಲ್ಲ ಅಳೆಯುತ್ತಿದ್ದ ಆ ಮಹಾನುಭಾವರಿಗೆ ಊರಿನವರು 'ಇಳಿಜಾರು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಬೆಟ್ಟದ ಬುಡಕ್ಕೆ ನಮ್ಮನ್ನು ಕರೆದೊಯ್ದು, ಬಂಡೆಯ ಕಡಿದು ಎಷ್ಟು ಡಿಗ್ರಿಯೆಂದು ಕೇಳಿದರೆ, ಅರವತ್ತಕ್ಕೆ ಕಡಿಮೆ ಹೇಳಿದ ಹುಡುಗನಿಲ್ಲ. ಎಪ್ಪತ್ತೆಂದ ಶೂರರೂ ಇದ್ದರು. ಗುಂಡುಕಲ್ಲು ಮಾತ್ರ ಮೂವತ್ತರ ಆಸುಪಾಸಿನಲ್ಲಿ ನಿಶ್ಚಲವಾಗಿ ತೂಗುತ್ತಿತ್ತು. "ಎದುರಿಗೆ ನಿಂತವನಿಗೆ ಏರು ಯಾವಾಗಲೂ ಇದ್ದುದಕ್ಕಿಂತ ಕಡಿದಾಗಿಯೇ ಕಾಣುತ್ತೆ ಕಣ್ರೋ, ಕಣ್ಣು ಹೆದರುತ್ತೆ, ಕಲ್ಲು ಹೆದರೋದಿಲ್ಲ" ಎಂದು ಅವರು ದಾರವನ್ನು ಸುತ್ತಿ ಜೇಬಿಗಿಳಿಸುವರು. ಬಯಲಿನಿಂದ ಈ ಬೆಟ್ಟದ ಎತ್ತರ 470 ಅಡಿ, ಮೆಟ್ಟಿಲು 650ರ ಸುಮಾರು. ಅಂದರೆ ಒಂದೊಂದು ಮೆಟ್ಟಿಲೂ ನಮ್ಮನ್ನೆತ್ತುವುದು ಒಂಬತ್ತಂಗುಲಕ್ಕೂ ತುಸು ಕಡಿಮೆ. ಲೆಕ್ಕವೇನೋ ಸಮಾಧಾನಕರವಾಗಿಯೇ ಇದೆ, ಮೊಣಕಾಲು ಒಪ್ಪುವುದಿಲ್ಲ.

ಗೊಮ್ಮಟ ಮಾಯವಾಗುವ ಮರ್ಮವನ್ನು ಅವರು ತಿಳಿಯಪಡಿಸಿದ್ದು ಒಂದು ಮಡಕೆಯಿಂದ. ಮೇಜಿನ ಮೇಲೆ ಮಡಕೆಯನ್ನು ಬೋರಲು ಹಾಕಿ, ಅದರ ತಳದ ಮೇಲೆ ಒಂದು ತುಂಡು ಸೀಮೆಸುಣ್ಣವನ್ನು ನಿಲ್ಲಿಸಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು, ಮಡಕೆಯ ಪಕ್ಕದಲ್ಲೇ ಮೇಜಿಗೆ ಗಲ್ಲವೂರಿ ನೋಡಹೇಳಿದರು. ಮಡಕೆಯ ಹೊಟ್ಟೆಯಲ್ಲದೆ ಬೇರೇನೂ ಕಾಣಲಿಲ್ಲ. "ಈಗ ಕಣ್ಣನ್ನು ಮೇಜಿನ ಮಟ್ಟದಲ್ಲೇ ಇಟ್ಟುಕೊಂಡು ಹಿಂದಕ್ಕೆ ಹೋಗು" ಎಂದರು. ಮಂಡಿ ಬಗ್ಗಿಸಿ ಹಿಂದುಹಿಂದಕ್ಕೆ ಸರಿಯುತ್ತ ಹೋದಂತೆ ಸೀಮೆಸುಣ್ಣದ ತುದಿ ಮಡಕೆಯ ಅಂಚಿನ ಮೇಲೆ ಮೂಡಿತು, ಬೆಳೆಯಿತು, ಪೂರ್ಣವಾಗಿ ನಿಂತಿತು. ಆ ಅದ್ಭುತವನ್ನೇ ನೋಡುತ್ತ ಬಾಗಿಲನ್ನೂ ದಾಟಿ ಹಿಂದಕ್ಕೆ ಹೋದ ನಾನು, ಪ್ರದಕ್ಷಿಣೆಗೆ ಹೊರಟಿದ್ದ ಹೆಡ್ಮಾಸ್ಟರ ಕಾಲಿಗೆ ಬಿದ್ದೆ.

ಬುಡದಲ್ಲಿ ನೆಟ್ಟಗೆದ್ದು ನೆತ್ತಿಯಲ್ಲಿ ದುಂಡಗಾಗುವ ಇಂಥ ಬೆಟ್ಟಕ್ಕೆ ಉಬ್ಬಿನ ಇಳಿಜಾರೆಂದು ಹೆಸರು. ನಕಾಶೆಯಲ್ಲಿ ಅದರ ಸಮೋನ್ನತ ರೇಖೆಗಳು ಬುಡದಲ್ಲಿ ಇಕ್ಕಟ್ಟಾಗಿಯೂ ನೆತ್ತಿಯಲ್ಲಿ ವಿರಳವಾಗಿಯೂ ಇರುತ್ತವೆ. ನಡುವೆ ಒಳಸರಿದ ತಗ್ಗಿನ ಇಳಿಜಾರಿನಲ್ಲಿ ಇದರ ವಿಪರ್ಯಯ, ಅಲ್ಲಿ ತುದಿಯಿಂದ ಬುಡವೂ ಬುಡದಿಂದ ತುದಿಯೂ ಕಾಣಬಲ್ಲುವು. ಆ ರೇಖೆಗಳು ನನ್ನ ಕಣ್ಣಿಗೆ ಬಹುಕಾಲ, ಯಾರೋ ಸಾಲಗಾರ ಪತ್ರದ ಮೇಲೆ ಒತ್ತಿದ ಹೆಬ್ಬೆಟ್ಟಿನ ಗುರುತಿನಂತೆಯೇ ಇದ್ದುವು. ಉಬ್ಬು ಅಡ್ಡ ಬಂದು ದೃಷ್ಟಿರೇಖೆಗೆ ಸಿಕ್ಕದೆ ಉಳಿಯುವ ಜಾಗವನ್ನು ಮೇಷ್ಟ್ರು 'ಮರೆನೆಲ' ಎನ್ನುತ್ತಿದ್ದರು. ಯಾವ ಪುಸ್ತಕದಿಂದ ತೆಗೆದರೋ, ಸ್ವಂತ ಟಂಕಸಾಲೆಯದೋ. ಈ ಪಾಠವಾದ ದಿನ ನಮ್ಮಲ್ಲಿನ ಬುದ್ಧಿವಂತನೊಬ್ಬ ಎದ್ದುನಿಂತು, "ಅಂದರೆ ದೊಡ್ಡವರ ದೊಡ್ಡತನ ಹತ್ತಿರದವರಿಗೆ ಕಾಣುವುದಿಲ್ಲ ಅಂತ ಅಲ್ಲವೇ ಸಾರ್?" ಎಂದ. "ಕೂತ್ಕೊಳ್ಳೋ. ನೀತಿಪಾಠ ಶುಕ್ರವಾರ. ಇದು ಭೂಗೋಳ, ಇಲ್ಲಿ ಅಡ್ಡ ಬಂದಿರೋದು ಬಂಡೆ." ದೃಷ್ಟಿರೇಖೆಗೆ ಹೋಗಲೂ ಬರಲೂ ಒಂದೇ ದಾರಿ, ನೀವು ಗೊಮ್ಮಟನನ್ನು ಕಾಣದ ಕಡೆ ಅವನೂ ನಿಮ್ಮನ್ನು ಕಾಣನು ಎಂದು ಅವರು ಸೇರಿಸಿದ್ದರಿಂದ, ಕದ್ದ ಮಾವಿನಕಾಯಿಗಳನ್ನು ನಾವು ಅಂದಿನಿಂದ ನಿರ್ಭಯವಾಗಿ ಬೆಟ್ಟದ ಬುಡದಲ್ಲಿಯೇ ಕುಳಿತು ತಿನ್ನುತ್ತಿದ್ದೆವು.

ಕಣ್ಣಿನಳತೆಯನ್ನು ನಂಬಬೇಡಿರೆಂಬುದಕ್ಕೆ ಅವರು ಗೊಮ್ಮಟನನ್ನೇ ಸಾಕ್ಷಿಗೆ ಕರೆಯುತ್ತಿದ್ದರು: ಬ್ರಿಟಿಷರಲ್ಲಿ ಬುಕಾನನ್ ಅವನಿಗೆ 70 ಅಡಿ 3 ಅಂಗುಲ ಕೊಟ್ಟ, ವೆಲ್ಲೆಸ್ಲಿ 60 ಅಡಿ 3 ಅಂಗುಲ ಕೊಟ್ಟ, ಬೌರಿಂಗ್ ಸಾಹೇಬ ಅಳೆಯಿಸಿ ನೋಡಿದರೆ 57. ಇನ್ನು, 1800ರಲ್ಲಿ ಬೆಂಗಳೂರಿನ ಬಳಿ ಮೋಜಣಿಯ ಆಧಾರರೇಖೆಯೆಳೆದ ಲ್ಯಾಂಬ್ಟನ್ನನ ಹೆಸರು ಬಂತೆಂದರೆ ಗಂಟೆ ಹೊಡೆದುದೂ ಅವರಿಗೆ ಕೇಳಿಸದು. ಒಂದು ಠಾಣೆಯಿಂದ ಮತ್ತೊಂದು ಠಾಣೆ ಕಂಡಲ್ಲದೆ ತ್ರಿಕೋನ ಕಟ್ಟಲಾಗದು. ಬೆಟ್ಟವಿಲ್ಲದ ತಂಜಾವೂರಿನ ಬಯಲಿನಲ್ಲಿ ಅವನು ಅರ್ಧ ಟನ್ನಿನ ಕೋನವಳೆಯುವ ಯಂತ್ರವನ್ನು ದೇವಾಲಯದ ಗೋಪುರಕ್ಕೆ ಏರಿಸಹೋಗಿ, ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು ಜಖಂಗೊಂಡಿತು. ಇದನ್ನು ಹೇಳುವಾಗ ಮೇಷ್ಟ್ರ ಕಣ್ಣಲ್ಲಿ ನೀರಾಡುತ್ತಿದ್ದುದನ್ನು ಕಂಡಿದ್ದೇನೆ. ತಮ್ಮ ಗುಂಡುಕಲ್ಲನ್ನು ಅವರು ಆಗ ಜೇಬಿನೊಳಗೇ ತಡವಿಕೊಳ್ಳುವರು.

ಅಜ್ಜಿಗೆ ಇಷ್ಟನ್ನೆಲ್ಲ ಹೇಳುವುದೆಂತು? "ಎದುರಿನ ಚಂದ್ರಗಿರಿ ಹತ್ತಿದರೆ ಮತ್ತೆ ಕಾಣ್ತಾನೆ, ತಾಯಿ" ಎಂದಷ್ಟೆ ಹೇಳಿ, ಪಾದರಕ್ಷೆಯನ್ನು ಬಿಟ್ಟು ಮೆಟ್ಟಿಲು ಹಿಡಿದೆ. ಆ ದಿನ ನಾನು ಬಂದುದು ದರ್ಶನಕ್ಕೆ ಮಾತ್ರವಲ್ಲ, ಒಂದು ಹಳೆಯ ಬಾಕಿ ತೀರಿಸಲಿಕ್ಕೂ ಹೌದು. ಮೇಷ್ಟ್ರ ಮನೆ ಬೆಟ್ಟದ ಬುಡದ ಬೀದಿಯಲ್ಲಿ, ಅಚ್ಚ ಮರೆನೆಲದಲ್ಲಿತ್ತು. "ಮೇಲಿನಿಂದ ಎಣಿಸುತ್ತ ಇಳಿಯಿರಿ, ಎಷ್ಟನೆಯ ಮೆಟ್ಟಿಲಿನಲ್ಲಿ ನಮ್ಮ ಮನೆಯ ಹೆಂಚು ಕಾಣುತ್ತೋ ಬರೆದು ತನ್ನಿ" ಎಂದು ಒಂದು ಶನಿವಾರ ಅವರು ಆಜ್ಞಾಪಿಸಿದ್ದರು. ನಾನು ಹತ್ತಲಿಲ್ಲ. ಹತ್ತಿಳಿದು ಬಂದ ಗೆಳೆಯ 212 ಎಂದು ಬರೆದುದನ್ನು ನೋಡಿ, ನಕಲೆಂದು ತಿಳಿಯದಿರಲೆಂಬ ಚಾತುರ್ಯದಿಂದ 211 ಎಂದು ಬರೆದೆ. ಮೇಷ್ಟ್ರು ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು, ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, "ನೀನು ಇವನಿಗಿಂತ ಒಂದು ಗೇಣು ಗಿಡ್ಡ. ಉಬ್ಬನ್ನು ದಾಟಿ ನೋಡಬೇಕಾದರೆ ನೀನು ಇನ್ನೂ ಕೆಳಗೆ ಇಳಿಯಬೇಕಾಗಿತ್ತು; ನಿನಗೆ ಮೇಲೆಯೇ ಹೇಗೆ ಕಂಡಿತು?" ಎಂದರು. ಹೊಡೆಯಲಿಲ್ಲ. ಹೊಡೆದಿದ್ದರೆ ಬಾಕಿ ಅಂದೇ ತೀರುತ್ತಿತ್ತು.

ದರ್ಶನವಾಯಿತು. ಗಂಗರಾಜ ಕಟ್ಟಿಸಿದ ಸುತ್ತಾಲಯದಿಂದ ಹೊರಗೆ ಬಂದು, ಮೆಟ್ಟಿಲು ಮೊದಲಾಗುವಲ್ಲಿ ನಿಂತು, ಒಂದು, ಎರಡು ಎಂದು ಬಾಯಿ ಬಿಟ್ಟು ಎಣಿಸುತ್ತ ಇಳಿಯತೊಡಗಿದೆ. ಏರುತ್ತಿದ್ದ ಯಾತ್ರಿಕರು ಇದಾವುದೋ ವ್ರತವಿರಬೇಕೆಂದು ದಾರಿ ಬಿಟ್ಟರು. ಕೆಳಗೆ ಕಲ್ಯಾಣಿ ಕಂಡಿತು, ಅಂಗಡಿ ಸಾಲು ಕಂಡಿತು. ಬುಡದ ಬೀದಿ ಮಾತ್ರ ಬಂಡೆಯ ಹೊಟ್ಟೆಯ ಕೆಳಗೇ ಇತ್ತು. ನೂರ ತೊಂಬತ್ತೇಳು ಎನ್ನುವಾಗ ಕೆಳಗಿನಿಂದ ಒಂದು ಡೋಲಿ ಏದುತ್ತ ಬಂತು. ಒಳಗೆ ಬಸ್ಸಿನ ಅಜ್ಜಿ. "ಇನ್ನೆಷ್ಟು ಮೆಟ್ಟಿಲಪ್ಪ?" ಎಂದರು. "ನೂರ ತೊಂಬತ್ತೇಳು" ಎಂದೆ. ಅಷ್ಟು ಖಚಿತವಾದ ಉತ್ತರವನ್ನು ಡೋಲಿ ಹೊರುವವರೂ ಕೇಳಿರಲಾರರು. ನಕ್ಕು, ಹೆಗಲು ಬದಲಿಸಿ ಮುಂದುವರಿದರು. ಅವರಿಗೆ ದಾರಿ ಬಿಡಲು ನಾನು ಮೇಲಕ್ಕೆ ಸರಿದಿದ್ದೆನೋ ಕೆಳಕ್ಕೋ ತಿಳಿಯದೆ ಎಣಿಕೆ ತಪ್ಪಿತು. ಇನ್ನೂ ಕೆಲವು ಮೆಟ್ಟಿಲಿಳಿದು ಬಗ್ಗಿ ನೋಡಿದರೆ, ಬಂಡೆಯಂಚಿನ ಮೇಲೆ ತೆಂಗಿನ ಗರಿಗಳು, ಅವುಗಳ ಸಂದಿನಲ್ಲಿ ಹೆಂಚಿಲ್ಲದ ಒಂದು ತಾರಸಿ, ಅದರ ಮೇಲೆ ಒಣಹಾಕಿದ ಸಂಡಿಗೆ. ಅದು ಮೇಷ್ಟ್ರ ಮನೆಯೇ ಹೌದೋ ಅಲ್ಲವೋ ಎಂದು ನಿಶ್ಚಯಿಸಲು ಮತ್ತೆ ನಾಲ್ಕು ಮೆಟ್ಟಿಲು ಇಳಿದೆ.