ಅಂಚಿನಲ್ಲಿ ಬರೆದ ಪ್ರಶ್ನೆ

ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ಅವರ ಮುಖ ನೋಡುತ್ತ ನಿಲ್ಲುವಾಗ ನಾನು ನಿಜವಾಗಿ ಏನನ್ನು ಬೇಡುತ್ತಿರುತ್ತೇನೆ? ಈ ಪ್ರಶ್ನೆಯನ್ನು ಬಹಳ ಕಾಲ ಮುಂದೂಡಿದ್ದೆ. ‘ತಪ್ಪಿದ್ದರೆ ಹೇಳ್ರಿ’ ಎಂದು ಬಾಯಿ ಅನ್ನುತ್ತಿತ್ತು. ಒಳಗಿನ ಆಸೆ ಬೇರೆ ಇತ್ತು. ‘ಚೆನ್ನಾಗೈತಿ’ ಎಂಬ ಮಾತು ಬೇಕಿತ್ತು, ಅದೂ ಬರಹಕ್ಕಿಂತ ಹೆಚ್ಚಾಗಿ ನನಗೆ ಬೇಕಿತ್ತು. ಹಡಗಲಿ ಸೀಮೆಯ ಹಳ್ಳಿಯೊಂದರಿಂದ ಬಂದು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಬರೆದ ಹಾಳೆಯೆಂದರೆ ತಾನು ಆ ಬೆಂಚಿನ ಮೇಲೆ ಕೂರಲು ತಕ್ಕವಳು ಎಂಬುದಕ್ಕೆ ಕೊಡುವ ಸಾಕ್ಷಿ. ಅದರಲ್ಲಿ ಯಾರಾದರೂ ಒಂದು ಗೆರೆ ಎಳೆದರೆ ಆ ಗೆರೆ ಹಾಳೆಯ ಮೇಲೆ ನಿಲ್ಲುತ್ತಿರಲಿಲ್ಲ.

ಇದು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಹೈಸ್ಕೂಲಿಗೆ ಬಂದು ತಲುಪುತ್ತೇನೆ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ. ಅದರಲ್ಲಿ 25 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ, ಉಳಿದ 100 ಬೋರ್ಡಿನ ಪರೀಕ್ಷೆಗೆ. ಗಾದೆ ವಿಸ್ತರಣೆ, ಪತ್ರಲೇಖನ, ಪ್ರಬಂಧ ಅಲ್ಲೇ ಬರುತ್ತವೆ. ಯಾವ ಗಾದೆ ಕೊಟ್ಟರೂ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡುವುದನ್ನು ಕಲಿತೆವು. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಬರೆದದ್ದನ್ನು ದಾರದಲ್ಲಿ ಕಟ್ಟಿ ಕೊಟ್ಟರೆ ಅದು ಎಲ್ಲಿಗೋ ಹೋಗುತ್ತದೆ, ಯಾರೋ ಓದುತ್ತಾರೆ, ಒಂದು ಸಂಖ್ಯೆ ತಿರುಗಿ ಬರುತ್ತದೆ. ಈಗ ಶುಲ್ಕ ಕಟ್ಟಿದರೆ ಉತ್ತರಪತ್ರಿಕೆಯ ಪ್ರತಿಯೂ ಸಿಗುತ್ತದೆ. ಆದರೆ ಅದರಲ್ಲಿ ಕಾಣುವುದು ಅಂಕ, ಮಾತಲ್ಲ. ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರು ತಮ್ಮ ಆತ್ಮಕಥೆಗೆ ‘ಗಾಂಧಿ ಕ್ಲಾಸು’ ಎಂದು ಹೆಸರಿಟ್ಟಿದ್ದಾರೆ. ಮೂರನೇ ದರ್ಜೆಗೆ ನಮ್ಮ ಕಡೆ ಇರುವ ಹೆಸರು ಅದು. ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲೇಖಕರಿಗೂ ದರ್ಜೆಯ ಮಾತು ಅಷ್ಟು ದೂರ ಹಿಂದೆಯೇ ಬಂದಿದೆ ಅನ್ನಿಸಿ, ಆ ಪುಸ್ತಕದ ರಕ್ಷಾಪುಟವನ್ನು ಬಹಳ ಹೊತ್ತು ನೋಡಿದ್ದೆ.

ಅಂಕದ ಪದ್ಧತಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಲಕ್ಷಗಟ್ಟಲೆ ಮಕ್ಕಳ ಪರೀಕ್ಷೆ ಬೇರೆ ಹೇಗೆ ನಡೆದೀತು? ನನ್ನೊಳಗೆ ಅದು ಕಟ್ಟಿದ ಒಂದು ನಂಬಿಕೆಯ ಬಗ್ಗೆ ಹೇಳುತ್ತಿದ್ದೇನೆ. ಓದುವವರಿಗೆ ಎಲ್ಲವೂ ಮೊದಲೇ ಗೊತ್ತಿದೆ, ನನಗೆ ಗೊತ್ತಿದೆಯೋ ಇಲ್ಲವೋ ಎಂದು ನೋಡಲಷ್ಟೇ ಅವರು ಓದುತ್ತಾರೆ ಎಂಬ ನಂಬಿಕೆ. ನನ್ನಿಂದ ಏನೂ ಬೇಕಿಲ್ಲದವರಿಗಾಗಿ ಅಷ್ಟು ವರ್ಷ ಬರೆದೆ.

ಡಿಗ್ರಿಯಲ್ಲಿ ಕನ್ನಡ ಐಚ್ಛಿಕ ತಗೊಂಡವರಿಗೆ ವಾರಕ್ಕೊಮ್ಮೆ ಬರವಣಿಗೆಯ ತರಗತಿ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ಐದೂ ಕಡೆಯಿಂದ ಬಸ್‌ಪಾಸ್ ಹಿಡಿದು ಬರುವ ನಾವು ಸಂಜೆಯ ಬಸ್ಸಿನ ಚಿಂತೆಯಲ್ಲೇ ಕೂತಿರುತ್ತಿದ್ದೆವು. ಪಾಠ ಮಾಡುತ್ತಿದ್ದ ಮೇಷ್ಟ್ರು ಬೇರೆ ಜಿಲ್ಲೆಯವರು, ಮಿತಭಾಷಿ. ಅವರು ಅಂಕ ಹಾಕುತ್ತಿರಲಿಲ್ಲ. ‘ನೀವು ಕಂಡ ಜಾತ್ರೆ’ ಎಂದು ಬರೆಯಲು ಹೇಳಿದರು. ಕೊಟ್ಟೂರಿನವರು ಕೊಟ್ಟೂರೇಶ್ವರನ ತೇರನ್ನು ಬರೆದರು, ಉಜ್ಜಿನಿ ಕಡೆಯವನೊಬ್ಬ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವುದನ್ನು ಬರೆದ. ನಾನು ಬರೆದದ್ದು ಮೈಲಾರ.

ಮೈಲಾರ ನಮ್ಮ ತಾಲ್ಲೂಕಿನದು, ತುಂಗಭದ್ರೆಯ ದಂಡೆಯ ಊರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನ ಮರಡಿಯ ಮೇಲೆ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ನೆಟ್ಟ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಮಂದಿ ಒಮ್ಮೆಲೇ ಸುಮ್ಮನಾಗುತ್ತಾರೆ. ಅವನು ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿಗೆ ಮಳೆ, ಬೆಳೆ, ದರ, ರಾಜಕಾರಣ ಎಲ್ಲದರ ಅರ್ಥವನ್ನೂ ಜನ ವರ್ಷವಿಡೀ ಹಚ್ಚುತ್ತಿರುತ್ತಾರೆ. ನಾನು ಬರೆದ ಪ್ರಬಂಧದಲ್ಲಿ ಇದೆಲ್ಲ ಇತ್ತು. ‘ಭಕ್ತಸಾಗರ’ ಇತ್ತು, ‘ಕಣ್ಣು ಹಾಯಿಸಿದಷ್ಟು ದೂರ’ ಇತ್ತು, ಪೀಠಿಕೆ ಉಪಸಂಹಾರ ಇದ್ದವು. ಅಕ್ಷರ ದುಂಡಗೆ ಬರೆದಿದ್ದೆ.

ಹಾಳೆ ತಿರುಗಿ ಬಂದಾಗ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: ‘ಸದ್ದಲೇ ಅಂದ ಮೇಲೆ ನಿನಗೆ ಏನು ಕೇಳಿಸಿತು?’ ಅಷ್ಟೇ. ಚೆನ್ನಾಗಿದೆ ಇಲ್ಲ, ಚೆನ್ನಾಗಿಲ್ಲ ಇಲ್ಲ.

ಆಗ ನನ್ನೊಳಗೆ ಎದ್ದದ್ದನ್ನು ಇದ್ದಂತೆ ಹೇಳಬೇಕು. ಮೊದಲು ಬಂದದ್ದು ಅವಮಾನ. ಪ್ರಶ್ನೆಗೆ ಒಂದು ಸರಿಯುತ್ತರವಿದೆ, ಅದು ಅವರಿಗೆ ಗೊತ್ತಿದೆ, ನನಗೆ ಹೊಳೆದಿಲ್ಲ ಎಂದುಕೊಂಡೆ. ಆಮೇಲೆ ಸಿಟ್ಟು. ಸದ್ದಿಲ್ಲ ಅಂದಮೇಲೆ ಕೇಳಿಸುವುದೇನು ಬಂತು? ಕುಮಾರವ್ಯಾಸ ಬರೆದದ್ದನ್ನು ಅಳಿಸದೆ ಬರೆದೆನೆಂದು ಹೆಮ್ಮೆಪಟ್ಟದ್ದನ್ನು ಪಿಯುಸಿಯಲ್ಲಿ ಕೇಳಿದ್ದೆ. ತಿದ್ದಿಸಿಕೊಳ್ಳುವವರು ಹುಟ್ಟು ಬರಹಗಾರರಲ್ಲ ಎಂದು ಅದನ್ನು ನನ್ನ ಪಾಲಿಗೆ ಅರ್ಥಮಾಡಿಕೊಂಡಿದ್ದೆ. ಅಂಚಿನಲ್ಲಿ ಆ ಪ್ರಶ್ನೆ ಬರೆದ ವರ್ಷವೇ ಅದೇ ಮೇಷ್ಟ್ರು ‘ಕವಿರಾಜಮಾರ್ಗ’ ಓದಿಸುತ್ತ, ಕಣ್ಣು ತನ್ನ ಕಾಡಿಗೆಯನ್ನು ಹೇಗೆ ತಾನೇ ಕಾಣಲಾರದೋ ಹಾಗೆ ಬರೆಯುವವನು ತನ್ನ ದೋಷವನ್ನು ಕಾಣಲಾರ ಎಂದು ಒಂಬತ್ತನೇ ಶತಮಾನದಲ್ಲೇ ಶ್ರೀವಿಜಯ ಹೇಳಿದ್ದನ್ನು ವಿವರಿಸಿದರು. ನೋಟ್ಸು ಬರೆದುಕೊಂಡೆ. ಪರೀಕ್ಷೆಗೆ ಬರಬಹುದಾದ ಮಾತು ಎಂದು ಕೆಳಗೆ ಗೆರೆಯನ್ನೂ ಎಳೆದೆ. ಅದು ನನಗೂ ಹೇಳಿದ ಮಾತು ಎಂದು ಆಗ ತೋಚಲಿಲ್ಲ.

ಹೋಗಿ ಕೇಳಬಹುದಿತ್ತಲ್ಲ? ಕೇಳಲಿಲ್ಲ. ನಮ್ಮ ಕಡೆ ಹಿರಿಯರಿಗೆ ಎದುರು ಮಾತಾಡಬಾರದು ಎಂದು ಬೆಳೆಸುತ್ತಾರೆ. ಅದು ಒಳ್ಳೆಯ ಗುಣವೇ, ನಾನು ಅದನ್ನು ಬಿಟ್ಟುಕೊಡಲಾರೆ. ಆದರೆ ತಿರುಗಿ ಕೇಳುವುದು ಎದುರು ಮಾತಾಡಿದಂತಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮೇಷ್ಟ್ರು ‘ತಿಳೀತೇನವ್ವಾ?’ ಎಂದರೆ ‘ಹ್ಞೂಂರಿ ಸರ್’ ಎನ್ನುವುದೇ ಮರ್ಯಾದೆ. ಆ ‘ಹ್ಞೂಂ’ ಎಷ್ಟು ಮಾತುಗಳನ್ನು ಒಳಗೇ ಉಳಿಸಿತು ಎಂದು ಈಗ ಯೋಚಿಸಿದರೆ ಸಂಕಟವಾಗುತ್ತದೆ.

ಗೆಳೆಯರ ನಡುವೆಯೂ ಹಾಗೆಯೇ. ಒಬ್ಬರದನ್ನೊಬ್ಬರು ಓದಿ ಅಭಿಪ್ರಾಯ ಹೇಳಬೇಕಿತ್ತು. ಎಲ್ಲರೂ ಎಲ್ಲರಿಗೂ ‘ಚೆನ್ನಾಗೈತಿ’ ಎಂದೆವು. ಮದುವೆಯಲ್ಲಿ ಮುಯ್ಯಿ ಮಾಡಿದ ಹಾಗೆ ಅದು. ನಾನು ಕೊಟ್ಟದ್ದು ನನಗೆ ತಿರುಗಿ ಬರಲಿ ಎಂಬ ಲೆಕ್ಕ ಅದರೊಳಗೇ ಇತ್ತು. ಕೂಡ್ಲಿಗಿ ಕಡೆಯ ಗೆಳತಿ ಒಬ್ಬಳೇ ಆ ಲೆಕ್ಕಕ್ಕೆ ಸಿಗಲಿಲ್ಲ. ನನ್ನ ಮೈಲಾರವನ್ನು ಓದಿ, ‘ಯವ್ವಾ, ಇದ್ರಾಗ ನಿನ್ನ ದನೀನ ಕೇಳಸಂಗಿಲ್ಲ. ಬಸ್ಸಿನ್ಯಾಗ ಹೇಳೋವಾಗ ಹಿಂಗ ಹೇಳಿದ್ದಿಲ್ಲ ನೀನು’ ಅಂದಳು. ಅವಳೊಂದಿಗೆ ಕೆಲವು ದಿನ ಮಾತು ಕಡಿಮೆ ಮಾಡಿದೆ. ಅವಳು ಹೇಳಿದ್ದು ನಿಜ ಎಂದು ಆ ದಿನಗಳಲ್ಲೂ ನನಗೆ ಗೊತ್ತಿತ್ತು.

ಬಸ್ಸಿನಲ್ಲಿ ಆಡುವ ಕನ್ನಡ ಬರವಣಿಗೆಗೆ ಬರುವುದಲ್ಲ ಎಂಬ ಹಿಂಜರಿಕೆ ನಮಗೆಲ್ಲರಿಗೂ ಇತ್ತು. ಈ ಸೀಮೆಯನ್ನು ಬೇರೆ ಬೇರೆ ಊರುಗಳಿಂದ ಆಳಿದ್ದಾರೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ 1953ರ ತನಕ ಮದರಾಸಿಗೆ ಸೇರಿದ್ದವು, ಆಮೇಲೆ ಮೈಸೂರಿಗೆ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, ತಿರುಗಿ ಬಳ್ಳಾರಿಗೆ ತಂದರು, 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಬಂದವು. ಸರಿಯಾದ ಕನ್ನಡ ನಮ್ಮದಲ್ಲ, ಅದು ಬೇರೆಲ್ಲೋ ಇದೆ ಎಂದು ನಾವು ನಂಬಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗೆ ತೋರುತ್ತದೆ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರೂ ಮೊದಮೊದಲು ಕನ್ನಡದ ಕಡೆ ತಿರುಗಿ ನೋಡದೆ ಇದ್ದು, ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಈ ಭಾಷೆಗೆ ಒಲಿದವರು.

ಕೊನೆಗೆ ಮೇಷ್ಟ್ರ ಬಳಿ ಹೋದದ್ದು ಗೆಳತಿಯ ಒತ್ತಾಯಕ್ಕೆ. ಮೆಟ್ಟಿಲ ಹತ್ತಿರ ನಿಲ್ಲಿಸಿ, ‘ಸರ್, ನೀವು ಬರೆದ ಪ್ರಶ್ನೆಗೆ ಉತ್ತರ ಏನ್ರಿ?’ ಎಂದು ಕೇಳಿದೆ. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ‘ಉತ್ತರ ನನಗ ಹೆಂಗ ಗೊತ್ತಿರ್ತೈತವ್ವಾ? ನಾನು ಒಂದ್ಸಲನೂ ಮೈಲಾರಕ್ಕ ಹೋದವನಲ್ಲ. ಅಷ್ಟು ಮಂದಿ ಒಮ್ಮೆಲೇ ಸುಮ್ಮನಾದ್ರ ಹೆಂಗಿರ್ತೈತಿ ಅಂತ ತಿಳೀಬೇಕಾಗಿತ್ತು. ನೀನು ಅಲ್ಲಿ ನಿಂತಾಕಿ. ಅದಕ್ಕ ಕೇಳಿದೆ.’

ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೋ. ಓದುವವರಿಗೆ ಗೊತ್ತಿಲ್ಲ. ತಿಳಿಯಬೇಕೆಂಬ ಆಸೆ ಇದೆ. ನನ್ನ ಬಳಿ ಅವರಿಗೆ ಬೇಕಾದದ್ದು ಏನೋ ಇದೆ. ಪರೀಕ್ಷೆ ಎಂದು ನಾನು ಹೆದರಿದ್ದು ಒಬ್ಬ ಓದುಗನ ಕುತೂಹಲವಾಗಿತ್ತು. ಬರೆಯಲು ಕುಳಿತಾಗ ನನ್ನ ಎದುರಿಗೆ ಕೂರುತ್ತಿದ್ದ ಸರ್ವಜ್ಞ ಪರೀಕ್ಷಕ ಅಂದು ಎದ್ದು ಹೋದ. ಒಮ್ಮೆಗೇ ಹೋಗಲಿಲ್ಲ, ಈಗಲೂ ಒಮ್ಮೊಮ್ಮೆ ಬಂದು ಕೂರುತ್ತಾನೆ.

ಕುವೆಂಪು ವಿದ್ಯಾರ್ಥಿಯಾಗಿದ್ದಾಗ, 1924ರಲ್ಲಿ, ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದ ಪ್ರಸಂಗವನ್ನು ಕನ್ನಡ ಮೇಷ್ಟ್ರುಗಳೆಲ್ಲ ಹೇಳುತ್ತಾರೆ. ಮೆಚ್ಚುಗೆ ನಿರೀಕ್ಷಿಸಿ ಹೋದವರಿಗೆ ಸಿಕ್ಕಿದ್ದು ನಿನ್ನ ಭಾಷೆಯಲ್ಲಿ ಬರೆ ಎಂಬ ಸಲಹೆ. ಅದನ್ನು ಕನ್ನಡಾಭಿಮಾನದ ಕತೆಯಾಗಿ ಕೇಳಿಸಿಕೊಂಡಿದ್ದೆ. ಮೆಟ್ಟಿಲಿನ ಆ ಮಾತಿನ ನಂತರ ನನಗೆ ಅದರಲ್ಲಿ ಬೇರೊಂದು ಕಂಡಿತು. ಹೇಳಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ತಾವು ಓದಲಾರದ್ದನ್ನು ಬರೆ ಎಂದು ಅವರು ಹೇಳಿದರು. ತಿದ್ದುವವರಿಗೆ ಬರೆಯುವವರಿಗಿಂತ ಹೆಚ್ಚು ಗೊತ್ತಿರಲೇಬೇಕು ಎಂದು ಯಾರು ಹೇಳಿದರು?

ಮೈಲಾರವನ್ನು ಮತ್ತೆ ಬರೆದೆ. ಸದ್ದಡಗಿದ ಮೇಲೆ ನನಗೆ ಕೇಳಿಸಿದ್ದು ಎತ್ತೊಂದರ ಕೊರಳ ಗೆಜ್ಜೆ, ಮತ್ತು ಎಲ್ಲೋ ಅಳುತ್ತಿದ್ದ ಕೂಸು. ಅದರ ತಾಯಿ ಬಾಯಿ ಮುಚ್ಚಿರಬೇಕು, ಅಳು ತಟ್ಟನೆ ನಿಂತಿತು. ಗೊರವಯ್ಯನ ಸಾಲು ನಮಗೆ ಕೇಳಿಸಲೇ ಇಲ್ಲ. ನಾವು ಬಹಳ ದೂರದಲ್ಲಿದ್ದೆವು. ‘ಏನಂದ? ಏನಂದ?’ ಎಂದು ಅಜ್ಜ ಮುಂದಿನವರನ್ನು ಕೇಳಿದ, ಅವರು ಅವರ ಮುಂದಿನವರನ್ನು ಕೇಳಿದರು. ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಅದು ಎರಡು ಬಗೆಯಾಗಿತ್ತು. ದಾರಿಯುದ್ದಕ್ಕೂ ಅಜ್ಜ ಎರಡನ್ನೂ ತೂಗಿ ನೋಡುತ್ತ, ಆ ವರ್ಷ ಶೇಂಗಾ ಬಿತ್ತುವುದೋ ಮೆಕ್ಕೆಜೋಳವೋ ಎಂದು ಯೋಚಿಸುತ್ತ ಬಂದ. ಇದೆಲ್ಲ ನನಗೆ ಗೊತ್ತಿತ್ತು. ಬರೆಯುವಂಥದ್ದಲ್ಲ ಎಂದು ಬಿಟ್ಟಿದ್ದೆ. ಎರಡನೇ ಬರಹಕ್ಕೂ ಮೇಷ್ಟ್ರು ಚೆನ್ನಾಗಿದೆ ಎನ್ನಲಿಲ್ಲ. ಅಂಚಿನಲ್ಲಿ ‘ಕೊನೆಗೆ ಏನು ಬಿತ್ತಿದರು?’ ಎಂದು ಬರೆದರು. ಆ ದಿನ ನನಗಾದ ಸಂತೋಷ ಹೇಳತೀರದು.

ಈಗ ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮೇಜಿನ ಮೇಲೆ ನೋಟುಬುಕ್ಕುಗಳ ಅಟ್ಟಿ ಇರುತ್ತದೆ. ಎಲ್ಲದಕ್ಕೂ ಪ್ರಶ್ನೆ ಬರೆಯಲು ಆಗುವುದಿಲ್ಲ. ಎಷ್ಟೋ ದಿನ ಕೆಂಪು ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆದು ಮುಂದಕ್ಕೆ ಸರಿಸುತ್ತೇನೆ. ಸಮಯ ಸಿಕ್ಕಾಗ ಕೆಲವಕ್ಕಾದರೂ ಬರೆಯುತ್ತೇನೆ, ಗೊತ್ತಿದ್ದದ್ದನ್ನು ಕೇಳಬಾರದು ಎಂಬ ಕಟ್ಟು ಹಾಕಿಕೊಂಡು. ಇದು ಅಂದುಕೊಂಡಷ್ಟು ಸುಲಭವಲ್ಲ. ಶಿಕ್ಷಕಿಯ ಕುರ್ಚಿಯಲ್ಲಿ ಕೂತ ಕೂಡಲೇ ಉತ್ತರವಿರುವ ಪ್ರಶ್ನೆಗಳೇ ಕೈಗೆ ಬರುತ್ತವೆ.

ಅಂಕಸಮುದ್ರದ ಕೆರೆ ನಮ್ಮ ತಾಲ್ಲೂಕಿನದು, 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದದ್ದು. ಆ ಕಡೆಯ ಹುಡುಗಿಯೊಬ್ಬಳು ‘ಪಕ್ಷಿಗಳು ಪ್ರಕೃತಿಯ ಅಮೂಲ್ಯ ಕೊಡುಗೆ’ ಎಂದು ಎರಡು ಪುಟ ಬರೆದಿದ್ದಳು. ‘ಅಷ್ಟು ಹಕ್ಕಿ ಗೂಡು ಕಟ್ಟಿದರೆ ಕೆರೆ ಪಕ್ಕದವರಿಗೆ ಏನೇನು ತೊಂದರೆ?’ ಎಂದು ಅಂಚಿನಲ್ಲಿ ಕೇಳಿದೆ. ಮರುದಿನ ಬಂದು, ‘ಬ್ಯಾಸಿಗ್ಯಾಗ ವಾಸನಿ ಬರ್ತೈತ್ರಿ ಟೀಚರ್. ಅದನ್ನ ಬರೀಬೋದೇನ್ರಿ?’ ಅಂದಳು. ಬರಿ ಎಂದೆ. ‘ಪರೀಕ್ಷ್ಯಾಗ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?’ ಎಂದು ಕೇಳಿದಳು. ನನ್ನ ಕೈಗೆ ಬಂದರೆ ಕೊಡುತ್ತೇನೆ ಎಂದಷ್ಟೇ ಹೇಳಬಲ್ಲವಳಾಗಿದ್ದೆ. ಮಾರ್ಚ್ ಬರುವ ಹೊತ್ತಿಗೆ ಅದೇ ಮಕ್ಕಳಿಗೆ ಪೀಠಿಕೆ, ಉಪಸಂಹಾರಗಳನ್ನು ಕಲಿಸುವವಳೂ ನಾನೇ. ಈ ಎರಡನ್ನೂ ಒಂದೇ ಬಾಯಿಂದ ಹೇಳುವುದು ಹೇಗೆಂದು ನನಗಿನ್ನೂ ಬಗೆಹರಿದಿಲ್ಲ.

ಮೌಲ್ಯಮಾಪನ ಕೇಂದ್ರದಲ್ಲಿ ಒಮ್ಮೆ ಗ್ರಂಥಾಲಯದ ಮಹತ್ವದ ಪ್ರಬಂಧ ನೋಡುತ್ತಿದ್ದೆ. ಎಲ್ಲ ಪತ್ರಿಕೆಗಳಲ್ಲೂ ಇರುವ ವಾಕ್ಯಗಳೇ ಅದರಲ್ಲೂ ಇದ್ದವು. ನಡುವೆ, ಹೇಗೆ ಬಂದಿತೋ, ಒಂದು ಮಾತು ಇತ್ತು. ತಮ್ಮೂರ ಗ್ರಂಥಾಲಯಕ್ಕೆ ಅಜ್ಜ ದಿನಾಲೂ ಪೇಪರ್ ಓದಲು ಹೋಗುತ್ತಾನೆ, ಆದರೆ ಅವನಿಗೆ ಓದಲು ಬರುವುದಿಲ್ಲ ಎಂದು. ಮುಂದಿನ ವಾಕ್ಯ ಮತ್ತೆ ‘ಗ್ರಂಥಾಲಯವು ಜ್ಞಾನದ ಭಂಡಾರ’. ಪೂರ್ತಿ ಅಂಕ ಕೊಟ್ಟೆ. ಅಲ್ಲಿ ಮಾತು ಬರೆಯುವ ಪದ್ಧತಿ ಇಲ್ಲ. ಬರೆದ ಮಗು ಯಾವ ಊರಿನದೋ, ಹುಡುಗನೋ ಹುಡುಗಿಯೋ ತಿಳಿಯುವ ದಾರಿಯೂ ಇಲ್ಲ. ಕೇಳಬೇಕಾಗಿದ್ದದ್ದು ಒಂದೇ: ಅಜ್ಜ ಅಲ್ಲಿ ಕೂತು ಏನು ಮಾಡುತ್ತಾನಪ್ಪಾ?