ಗೊತ್ತಿದ್ದವರ ಮೌನ

ಉತ್ತರಪತ್ರಿಕೆ ತಿದ್ದಿದ ಮೇಲೆ ಫಲಿತಾಂಶದ ದಿನದವರೆಗೆ ಬಾಯಿ ಬಿಗಿಹಿಡಿಯುವುದು ನಮ್ಮ ಕಸುಬಿನ ಮೊದಲ ಪಾಠ. ಒಂದು ವರ್ಷ ನಾನೇ ಅದನ್ನು ಮರೆತೆ. ಏಳನೇ ತರಗತಿಯಲ್ಲಿದ್ದ ತಂಗಿಯ ಮಗ ಪಾಸಾದದ್ದನ್ನು ಅವಳ ಕಿವಿಯಲ್ಲಿ ಉಸುರಿಬಿಟ್ಟೆ. ಅವಳು ಅಂದೇ ಪೇಟೆಗೆ ಹೋಗಿ ಹಾಸ್ಟೆಲಿನಲ್ಲಿ ಉಳಿದಿದ್ದ ಒಂದೇ ಒಂದು ಜಾಗ ಹಿಡಿದಳು.

ಕಾನೂನು ಓದುತ್ತಿದ್ದ ಮಗ ಹೇಳಿದ ಗಣಿಯ ಕಥೆಯೊಂದು ಇದನ್ನು ನೆನಪಿಸಿತು. ಅಮೆರಿಕದ ಟೆಕ್ಸಾಸ್ ಗಲ್ಫ್ ಸಲ್ಫರ್ ಕಂಪನಿ 1963ರ ನವೆಂಬರಿನಲ್ಲಿ ಕೆನಡಾದ ಟಿಮ್ಮಿನ್ಸ್ ಬಳಿ ನೆಲ ಕೊರೆದಾಗ ಮೊದಲ ರಂಧ್ರದಲ್ಲೇ ತಾಮ್ರ, ಸತು ಹೇರಳವಾಗಿ ಕಂಡವು. ಸುತ್ತಲ ಜಮೀನು ಕೈಸೇರುವವರೆಗೆ ಸುದ್ದಿ ಮುಚ್ಚಿಟ್ಟರು. ವ್ಯಾಪಾರ, ಒಪ್ಪೋಣ. ಆದರೆ ಆ ನಡುವೆ ಒಳಗಿನವರೇ ಷೇರು ಕೊಂಡರು; ಏನೂ ಅರಿಯದವರು ಮಾರಿದರು. 1964ರ ಏಪ್ರಿಲ್ 12ರಂದು, ಹಬ್ಬಿರುವ ಸುದ್ದಿ ಅತಿಯಾಯಿತೆಂದ ಕಂಪನಿ, 16ರಂದು ಕನಿಷ್ಠ 2.5 ಕೋಟಿ ಟನ್ ಅದಿರಿದೆಯೆಂದು ಸಾರಿತು!

1968ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದ ತೀರ್ಪಿನ ತಿರುಳು ಇಷ್ಟೆ: ಸಕಾರಣವಿದ್ದರೆ ಗುಟ್ಟು ಇಟ್ಟುಕೊಳ್ಳಬಹುದು, ಆದರೆ ಗುಟ್ಟು ಬಲ್ಲವರು ಅದು ಬಯಲಾಗುವವರೆಗೆ ಷೇರು ಮುಟ್ಟಬಾರದು.

ಮಗ ಇದನ್ನು ಹೇಳುತ್ತಿದ್ದಾಗ ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ. ಹಾಸ್ಟೆಲಿನ ಆ ಜಾಗ ಯಾವ ತಾಯಿಯ ಮಗುವಿನದಾಗಬೇಕಿತ್ತೋ!